ಒಂದೂಕಾಲು ಸೆಕೆಂಡು

ಟಿಕ್.

ಅಷ್ಟೇ ಸದ್ದು. ಹಾಸ್ಟೆಲಿನ ವಾರ್ಡನ್ ಕೋಣೆಯಲ್ಲಿ ಮಲಗಿದ್ದ ಮೇಡಂಗೆ ಎಚ್ಚರವಾಯಿತು. ಅವಳದು ಮೊದಲಿನಿಂದಲೂ ಕೋಳಿನಿದ್ದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಪುಟ ಮಗುಚಿದರೂ ಎದ್ದು ಕೂತು ಎದೆಯ ಮೇಲೆ ಕೈಯಿಟ್ಟುಕೊಳ್ಳುವವಳು. ಹಗಲು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರಯೋಗ ಮಾಡಿಸುವುದು, ರಾತ್ರಿ ಹುಡುಗಿಯರ ಹಾಸ್ಟೆಲು ಕಾಯುವುದು, ಎರಡೂ ಅವಳ ಕೆಲಸ. ಎರಡು ಕಡೆಯೂ ಒಂದೊಂದು ಬೀಗವನ್ನು ಮೂರು ಮೂರು ಸಲ ಎಳೆದು ನೋಡುತ್ತಿದ್ದಳು. ಮಕ್ಕಳು ಬೆನ್ನ ಹಿಂದೆ ಅವಳಿಗೆ ಇಟ್ಟ ಹೆಸರು 'ಇನ್ನೊಮ್ಮೆ ಮೇಡಂ'. ಯಾವ ರೀಡಿಂಗ್ ತೋರಿಸಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ: "ಇನ್ನೊಮ್ಮೆ ನೋಡಮ್ಮ."

ಅವಳ ಕೋಣೆಗೂ ವಿಜ್ಞಾನದ ಕಟ್ಟಡಕ್ಕೂ ನಡುವೆ ಒಂದೇ ಗೋಡೆ. ಗೋಡೆಯ ಮೇಲ್ತುದಿಯ ಕಿಂಡಿ ಆ ಕಟ್ಟಡದ ಮೆಟ್ಟಿಲುಗಳ ನಡುವೆ ಮೇಲಿನಿಂದ ಕೆಳಗಿನವರೆಗೆ ಬಿಟ್ಟ ಖಾಲಿ ಜಾಗಕ್ಕೆ, ಅಲ್ಲಿಯವರು ಕರೆಯುವ 'ಮೆಟ್ಟಿಲು ಬಾವಿ'ಗೆ, ತೆರೆದುಕೊಂಡಿತ್ತು. ಸದ್ದು ಅಲ್ಲಿಂದ ಬಂದಿತ್ತು. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಅವಳು ಮನಸ್ಸಿನಲ್ಲಿ ಎಣಿಸತೊಡಗಿದಳು. ಎಣಿಸುವುದು ಅವಳ ಹಳೆಯ ಚಟ. ನೂರು, ನೂರಹತ್ತು, ನೂರ ಇಪ್ಪತ್ತು. ನೂರ ಇಪ್ಪತ್ತೆಂಟು.

ಟಿಕ್.

ಆ ಕಟ್ಟಡದಲ್ಲಿ ನೂರ ಇಪ್ಪತ್ತೆಂಟು ಸೆಕೆಂಡು ಹಿಡಿಯುವುದು ಒಂದೇ ಒಂದು. ಮೂರನೆಯ ಮಹಡಿಯ ತೊಲೆಗೆ ಕಟ್ಟಿ, ಮೆಟ್ಟಿಲು ಬಾವಿಯ ನಟ್ಟನಡುವೆ ನೆಲದವರೆಗೂ ಇಳಿಬಿಟ್ಟ ಉಕ್ಕಿನ ತಂತಿ. ಅದರ ತುದಿಯಲ್ಲಿ ಕುಂಬಳಕಾಯಿಯಷ್ಟು ದಪ್ಪದ ಕಬ್ಬಿಣದ ಗುಂಡು. ಆ ಉದ್ದನೆಯ ಲೋಲಕ ಇಪ್ಪತ್ತು ಸಲ ಹೋಗಿ ಬರಲು ಅಷ್ಟು ಹೊತ್ತು ಬೇಕು. ಆ ಹೊತ್ತಿನಿಂದಲೂ ತಂತಿಯ ಉದ್ದದಿಂದಲೂ ಭೂಮಿಯ ಸೆಳೆತ ಎಷ್ಟೆಂದು ಲೆಕ್ಕ ಹಾಕುವುದು ಮಕ್ಕಳ ಪ್ರಯೋಗ. ಯಾರೋ ಸ್ಟಾಪ್‌ವಾಚಿನ ಗುಂಡಿ ಒತ್ತಿ ಅಳೆಯುತ್ತಿದ್ದರು. ಯಾರೋ ಏನು, ಯಾರೆಂದು ಅವಳಿಗೆ ಗೊತ್ತಿತ್ತು.

ಆ ದಿನ ಮಧ್ಯಾಹ್ನ 'ದಶಾಂಶ' ಒಂದು ಫಾರಂ ಹಿಡಿದು ಅವಳ ಮೇಜಿನ ಮುಂದೆ ನಿಂತಿದ್ದಳು. ಎರಡನೆಯ ವರ್ಷದ ಹುಡುಗಿ. ಯಾವ ಉತ್ತರವನ್ನೂ ಹತ್ತಿರದ ಪೂರ್ಣ ಸಂಖ್ಯೆಗೆ ತಳ್ಳದೆ ಕೊನೆಯ ಅಂಕಿಯವರೆಗೂ ಬರೆಯುತ್ತಿದ್ದದ್ದಕ್ಕೆ ಕ್ಲಾಸಿನವರು ಕೊಟ್ಟ ಹೆಸರು ಅದು.

"ಇಲ್ಲೊಂದು ಸಹಿ ಬೇಕಿತ್ತು ಮೇಡಂ."

"ಏನಿದು?"

"ಬಿಡ್ತಿದೀನಿ. ವಿಜ್ಞಾನ ಬಿಟ್ಟು ಬೇರೆ ಏನಾದ್ರೂ ಓದ್ತೀನಿ. ನಾಳೆ ಹತ್ತು ಗಂಟೆಗೆ ಕೊನೆ."

"ಹುಚ್ಚಾ ನಿಂಗೆ? ಲೆಕ್ಕದಲ್ಲಿ ನಿನ್ನ ಮೀರಿಸೋರು ಯಾರಿದಾರೆ ಕ್ಲಾಸಲ್ಲಿ?"

"ಲೆಕ್ಕ ತಲೇಲಿರುತ್ತೆ ಮೇಡಂ. ವಿಜ್ಞಾನಕ್ಕೆ ಕೈ ಬೇಕಲ್ಲ. ಉದ್ದ ಲೋಲಕ ಮೂರು ಸಲ ಮಾಡ್ದೆ. ಮೂರು ಸಲಾನೂ ಒಂಬತ್ತು ಪಾಯಿಂಟ್ ಆರು. ಬರಬೇಕಾಗಿದ್ದು ಒಂಬತ್ತು ಪಾಯಿಂಟ್ ಎಂಟು. ನಮ್ಮಪ್ಪ ಟೈಲರ್. ಎದುರಿಗೆ ನಿಂತೋರ ಎದೆ ಸುತ್ತಳತೆ ಕಣ್ಣಲ್ಲೇ ಹೇಳ್ತಾರೆ. ಅವರ ಮಗಳಿಗೆ ಒಂದು ತಂತಿ ಅಳೆಯಕ್ ಬರಲ್ಲ ಅಂದ್ರೆ ನಗ್ತಾರೆ ಜನ."

ಹುಡುಗಿ ಅಳುತ್ತಿರಲಿಲ್ಲ. ಲೆಕ್ಕ ಮುಗಿಸಿ ಉತ್ತರದ ಕೆಳಗೆ ಎರಡು ಗೆರೆ ಎಳೆದವಳ ಹಾಗೆ ನಿಂತಿದ್ದಳು. ಮೇಡಂಗೆ ಹೆದರಿಕೆಯಾದದ್ದೇ ಅದಕ್ಕೆ. ರೆಕಾರ್ಡ್ ಪುಸ್ತಕದಲ್ಲಿ ಮೂರು ಸಲವೂ ಕೆಂಪು ಶಾಯಿಯಲ್ಲಿ 'ಮತ್ತೆ ಮಾಡಿ' ಎಂದು ಬರೆದವಳು ತಾನೇ.

"ಫಾರಂ ಇಲ್ಲಿರಲಿ. ನಾಳೆ ಒಂಬತ್ತೂವರೆಗೆ ಬಾ," ಎಂದಷ್ಟೇ ಹೇಳಿ ಅದನ್ನು ಡ್ರಾಯರಿಗೆ ಹಾಕಿದ್ದಳು.

ವಿಜ್ಞಾನಕ್ಕೆ ಸೇರಿದ ಮಕ್ಕಳು ನಡುವೆ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಲು ಕಾಲೇಜು ಸಂಜೆ ಹೊತ್ತು ಒಂದು ತರಗತಿ ತೆರೆದಿತ್ತು. ಅದರ ಹೊಣೆಯೂ ಅವಳದೇ. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿತ್ತು. ಮಕ್ಕಳು 'ಉಳಿಕೆ ಕ್ಲಾಸು' ಎನ್ನುತ್ತಿದ್ದರು. "ಭಾಗಾಕಾರ ಮಾಡಿದ್ಮೇಲೆ ಕೆಳಗಡೆ ಉಳಿಯುತ್ತಲ್ಲ, ಅವರೇ ನಾವು," ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದರು. ಹಿಂದಿನ ಸಲ ನಲವತ್ತು ಜನ ಸೇರಿದ್ದರು. ಕೊನೆಯ ವರ್ಷ ಮುಟ್ಟಿದವರು ಹತ್ತೊಂಬತ್ತು. ಹೋದ ಇಪ್ಪತ್ತೊಂದು ಜನರ ಮುಖಗಳೂ ಮೇಡಂಗೆ ನೆನಪಿದ್ದವು. ಅವರಲ್ಲಿ ಎಷ್ಟು ಜನ ಈ ಲೋಲಕದ ಪ್ರಯೋಗವಾದ ಮೇಲೆ ಹೋದರು ಎಂದು ಮಾತ್ರ ಅವಳು ಎಣಿಸಿರಲಿಲ್ಲ.

ಈಗ ಅವಳು ಎದ್ದು ಕೂತು, ಏನು ಮಾಡಬೇಕೆಂದು ನಿರ್ಧರಿಸಿದಳು. ಆ ನಿರ್ಧಾರ ಅವಳಿಗೇ ಸರಿಬರಲಿಲ್ಲ. ಆದರೆ ಬೇರೆ ದಾರಿ ತೋಚಲಿಲ್ಲ.

ಆ ಪ್ರಯೋಗದ ಗುಟ್ಟು ಉಳಿದ ಮಕ್ಕಳಿಗೆಲ್ಲ ಗೊತ್ತಿತ್ತು. ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಸಿಕ್ಕ ಸಮಯದಲ್ಲಿ ಒಂದೂಕಾಲು ಸೆಕೆಂಡು ಕಳೆದು ಬರೆದುಬಿಟ್ಟರೆ ಸಾಕು, ಉತ್ತರ ಪುಸ್ತಕದಲ್ಲಿದ್ದ ಹಾಗೆ ಒಂಬತ್ತು ಪಾಯಿಂಟ್ ಎಂಟಕ್ಕೆ ಬಂದು ಕೂರುತ್ತಿತ್ತು. ಅದಕ್ಕೆ 'ರೀಡಿಂಗ್ ಕೂರಿಸೋದು' ಎನ್ನುತ್ತಿದ್ದರು. ಗುಂಡಿ ಒತ್ತುವಾಗ ಬೆರಳು ತಡವಾಯಿತು ಎಂದುಕೊಂಡರೆ ಮನಸ್ಸಿಗೂ ಸಮಾಧಾನ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಮೆಟ್ಟಿಲ ಬುಡದಲ್ಲಿ ಮೇಡಂ ಕೂಡ ಕೂರಿಸಿದ್ದಳು. ಅಂದಿನ ಮೇಷ್ಟ್ರು ಭೇಷ್ ಎಂದಿದ್ದರು. ಆಮೇಲೆ ಸಂಶೋಧನೆಗೆ ಕರೆ ಬಂದಾಗ, ಕದ್ದ ಒಂದೂಕಾಲು ಸೆಕೆಂಡು ನೆನಪಾಗಿ, "ನನ್ನ ಕೈ ಅಷ್ಟು ಒಳ್ಳೇದಲ್ಲ" ಎಂದು ಒಲ್ಲೆ ಎಂದಿದ್ದಳು.

ದಶಾಂಶ ಮಾತ್ರ ಕೂರಿಸುತ್ತಿರಲಿಲ್ಲ. ಹಾಗಾಗಿ ಅವಳಿಗೆ ಹೇಳಿಕೊಡಬೇಕು. ಕದಿಯಮ್ಮಾ, ಎಲ್ಲರೂ ಕದ್ದಿದ್ದೇವೆ, ಕದ್ದು ಉಳಿದುಕೋ ಎನ್ನಬೇಕು. ಅಷ್ಟನ್ನು ಹೇಳಲು ಮೇಡಂ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಹಾಸ್ಟೆಲಿನಿಂದ ಕಟ್ಟಡದ ಎರಡನೆಯ ಮಹಡಿಗಿದ್ದ ಬಾಗಿಲು ತೆರೆದು ಬರಿಗಾಲಲ್ಲಿ ಒಳಗೆ ಬಂದಳು.

ಮೆಟ್ಟಿಲ ತಿರುವಿನಲ್ಲಿ ಸ್ಟೂಲು ಹಾಕಿಕೊಂಡು ಯಾರೋ ಕೂತಿದ್ದರು. ಅವಳ ಜೀವ ಬಾಯಿಗೆ ಬಂತು.

"ಕೂಗ್ಬೇಡಿ, ನಾನೇ," ಎಂದು ಪಿಸುಗುಟ್ಟಿದವನು ಬೀಗದಜ್ಜ. ಪ್ರಯೋಗಾಲಯದ ಕಪಾಟುಗಳ ಬೀಗದಕೈ ಗೊಂಚಲು ಅವನ ಸೊಂಟದಲ್ಲಿ ಇಲ್ಲದ ದಿನವನ್ನು ಯಾರೂ ನೋಡಿರಲಿಲ್ಲ.

"ಅಜ್ಜ! ನೀವು ಬಾಗಿಲು ತೆಗ್ದಿದ್ದಾ? ವಿಭಾಗದ ಮುಖ್ಯಸ್ಥರಿಗೆ ಗೊತ್ತಾದ್ರೆ?"

"ಅವ್ರಿಗೆ ಹಗಲು ನಡೆಯೋದೇ ಗೊತ್ತಾಗಲ್ಲ, ರಾತ್ರಿದು ಯಾರ್ ಹೇಳ್ತಾರೆ? ಒಂದೇ ಒಂದು ಸಲ ಅಂತ ಕಾಲಿಗೆ ಬಿದ್ಲು. ಈಗ ಹತ್ತು ಸಲ ದಾಟಿದೆ. ನಿಮ್ಮ ಶಿಷ್ಯೆ ತಾನೇ, ಇನ್ನೊಮ್ಮೆ ಇನ್ನೊಮ್ಮೆ ಅಂತಾಳೆ."

ಮೇಡಂಗೆ ನಗು ಬರಬೇಕಿತ್ತು, ಬರಲಿಲ್ಲ. ಕಂಬಿಯ ಹತ್ತಿರ ಬಂದು ಕೆಳಗೆ ಬಗ್ಗಿದಳು.

ಕೆಳಗೆ ನೆಲದ ಮೇಲಿಟ್ಟ ಟಾರ್ಚಿನ ಬೆಳಕು. ಆ ಬೆಳಕಿನೊಳಕ್ಕೆ ಗುಂಡು ಮೆಲ್ಲಗೆ ಬರುತ್ತಿತ್ತು, ಮೆಲ್ಲಗೆ ಹೊರಟುಹೋಗುತ್ತಿತ್ತು. ಕತ್ತಲಲ್ಲಿ ಎಲ್ಲೋ ಒಂದು ಕಡೆ ನಿಂತು, ಯೋಚಿಸಿ, ಮತ್ತೆ ಬರುತ್ತಿತ್ತು. ಅಷ್ಟು ಭಾರದ ಕಬ್ಬಿಣ ಅಷ್ಟು ನಿಶ್ಶಬ್ದವಾಗಿ ಓಡಾಡುವುದನ್ನು ಅವಳು ಹಗಲಲ್ಲಿ ಎಂದೂ ಕೇಳಿಸಿಕೊಂಡಿರಲಿಲ್ಲ. ಹಗಲು ಮಕ್ಕಳ ಗಲಾಟೆ ಇರುತ್ತಿತ್ತು. ಅವಳ ಮುಖದೆದುರೇ ತಂತಿ ಅತ್ತಿಂದಿತ್ತ ಗೇಣಷ್ಟು ಸರಿದಾಡುತ್ತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಆ ತಂತಿಯ ಪಕ್ಕದಲ್ಲೇ, ಅದೇ ತೊಲೆಯಿಂದ, ಉದ್ದ ಅಳೆಯುವ, ಮೂವತ್ತು ವರ್ಷ ಹಳೆಯ ಬಟ್ಟೆಯ ಟೇಪು ಇಳಿಬಿದ್ದಿತ್ತು. ಅದು ನೆಟ್ಟಗೆ ನಿಲ್ಲಲೆಂದು ತುದಿಗೆ ಸೀಸದ ತುಂಡು ಕಟ್ಟಿದ್ದರು. ಪ್ರತಿ ಸಲ ಮೂರು ಮಹಡಿ ಹತ್ತಿ ಸುತ್ತಿಡುವುದು ಯಾರಿಗೆ ಬೇಕೆಂದು ವರ್ಷವಿಡೀ ಹಾಗೇ ಬಿಡುವುದು ಆ ವಿಭಾಗದ ರೂಢಿ. ತಂತಿ ಬದಲಿಸಿದಾಗಲೆಲ್ಲ ಆ ಟೇಪಿಗೆ ಹಿಡಿದು ಸರಿಯಾಗಿ ಹತ್ತು ಮೀಟರಿಗೆ ಕಟ್ಟುತ್ತಿದ್ದರು.

ಹುಡುಗಿ ಗೋಡೆಗೊರಗಿ ಕೂತು ಫೋನು ಮಾಡಿದಳು. ಫೋನಿನ ಸ್ಪೀಕರ್ ಹಾಕಿದ್ದಳು, ಎರಡೂ ಕೈ ರೆಕಾರ್ಡ್ ಪುಸ್ತಕದ ಮೇಲಿದ್ದವು. ಆ ಕಡೆಯಿಂದ ಹೊಲಿಗೆ ಮಿಷನ್ನಿನ ಸದ್ದು ಮೆಟ್ಟಿಲು ಬಾವಿಯಲ್ಲಿ ಸ್ಪಷ್ಟವಾಗಿ ಮೇಲೇರಿ ಬಂತು.

"ಇನ್ನೂ ಮಲಗಿಲ್ವಾಪ್ಪ?"

"ಮಲಗಿದ್ರೆ ಫೋನ್ ಎತ್ತೋರು ಯಾರು? ಮೂವತ್ತು ಜೊತೆ ಯೂನಿಫಾರ್ಮು. ಗುಂಡಿ, ಕಾಜಾ ಎಲ್ಲ ಬಾಕಿ. ನಿಮ್ಮಣ್ಣ ಗೊರಕೆ ಹೊಡೀತಿದಾನೆ. ಏನಮ್ಮ ಇಷ್ಟ್ ಹೊತ್ನಲ್ಲಿ?"

"ನಾಳೆ ಬಿಟ್ಬಿಡ್ತೀನಪ್ಪ."

ಮಿಷನ್ನು ನಿಂತಿತು.

"ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಅಂದಿಲ್ಲ. ನಂಗೇ ಬರಲ್ಲ. ಹತ್ತು ಮೀಟರ್ ತಂತಿ, ಅಳ್ದೆ. ಗುಂಡು ಆಡೋ ಹೊತ್ತು ನೋಡು ಅಂದ್ರು, ನೋಡ್ದೆ. ಇವತ್ತೊಂದೇ ದಿನ ಹನ್ನೊಂದು ಸಲ. ಹನ್ನೊಂದು ಸಲಾನೂ ತಪ್ಪೇ."

"ಹೆಂಗ್ ತಪ್ಪು? ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿಯಾ?"

"ಇಲ್ಲ. ಎಲ್ಲಾ ಒಂದೇ. ಅದೇ ಉತ್ತರ, ಕೂದಲೆಳೆಯಷ್ಟೂ ಆಕಡೆ ಈಕಡೆ ಇಲ್ಲ."

ಆ ಕಡೆ ಅಪ್ಪ ಕತ್ತರಿ ಕೆಳಗಿಟ್ಟ ಸದ್ದಾಯಿತು.

"ನಿಂಗೆ ಹೇಳೋವಷ್ಟು ನಾನು ಓದಿಲ್ಲ. ಆದ್ರೆ ಕೈ ಕೆಟ್ಟಿದ್ರೆ ಒಂದೊಂದ್ ಸಲ ಒಂದೊಂದ್ ಥರ ಕೆಡತ್ತಮ್ಮ. ನಿಮ್ಮಣ್ಣನ ಕಾಲರ್ ನೋಡಿಲ್ವಾ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ. ಹನ್ನೊಂದು ಅಂಗಿನೂ ಒಂದೇ ಸಮ ಬಿಗಿಯಾಗಿ ಬಂದ್ರೆ, ನಾನು ಕೈ ನೋಡ್ಕೊಳಲ್ಲಪ್ಪ..."

ಮೇಲೆ ಕಂಬಿ ಹಿಡಿದಿದ್ದ ಮೇಡಂ ಇನ್ನಷ್ಟು ಮುಂದಕ್ಕೆ ಬಗ್ಗಿದಳು.

"ಟೇಪ್ ನೋಡ್ತೀಯ," ಎಂದಳು ಹುಡುಗಿ. ತನ್ನ ಬಾಯಿಂದ ಬಂದ ಮಾತನ್ನು ತಾನೇ ಆಲಿಸುವವಳ ಹಾಗೆ ಎಂದಳು. "ವರ್ಷಕ್ಕೊಂದ್ಸಲ ಕಬ್ಬಿಣದ ಸ್ಕೇಲಿಗೆ ಹಿಡಿದು ನೋಡಿ, ಹಿಗ್ಗಿದ್ರೆ ಕತ್ತರಿಸಿ ಹಾಕ್ತೀಯ. ಬೇರೆಯೋರು ಮರೆತೂ ಮುಟ್ಟಬಾರ್ದು ಅಂತ ಎರಡು ತುಂಡು ಮಾಡಿ."

"ಮತ್ತೆ? ಎಳೆದೂ ಎಳೆದೂ ಬಟ್ಟೆ ಹಿಗ್ಗದೆ ಇರುತ್ತಾ?"

ಹುಡುಗಿ ತಲೆಯೆತ್ತಿದಳು. ಟಾರ್ಚು ಎತ್ತಿ ಟೇಪಿನ ಉದ್ದಕ್ಕೂ ಬೆಳಕು ಹರಿಸಿದಳು. ಬೆಳಕು ಏರುತ್ತಾ ಬರುವುದನ್ನು ಕಂಡು ಮೇಡಂ ಗೋಡೆಗೆ ಒತ್ತಿಕೊಂಡು ನಿಂತಳು. ಆ ಸೀಸದ ತುಂಡು ಹಗಲೂ ರಾತ್ರಿ, ಮೂವತ್ತು ವರ್ಷ ಎಳೆದಿತ್ತು. ಮೊದಲ ವರ್ಷಗಳಲ್ಲೇ ಬಟ್ಟೆ ಹಿಗ್ಗುವಷ್ಟು ಹಿಗ್ಗಿ ನಿಂತಿರಬೇಕು.

"ಇಡ್ತೀನಪ್ಪ," ಎಂದು ಹುಡುಗಿ ಫೋನು ಕೆಳಗಿಟ್ಟಳು. "ಅಜ್ಜಾ! ಕಪಾಟಿನಲ್ಲಿರೋ ಉಕ್ಕಿನ ಮೀಟರ್ ಸ್ಕೇಲ್ ಬೇಕು. ಈಗ್ಲೇ!"

"ಬಂದೆ ತಾಯಿ, ಬಂದೆ. ಮನೇಲಿ ಮೊಮ್ಮಕ್ಕಳ ಕಾಟ ಅಂತ ಇಲ್ಲಿಗ್ ಬರ್ತೀನಿ," ಎಂದು ಗೊಣಗುತ್ತಾ ಅಜ್ಜ ಎದ್ದ. ಮೇಡಂ ಕಡೆ ನೋಡಿ, ಬರ್ತೀರಾ ಎಂಬಂತೆ ಹುಬ್ಬು ಹಾರಿಸಿದ. ಅವಳು ತಲೆಯಾಡಿಸಿದಳು. ಬೇಡ. ತುಟಿಯ ಮೇಲೆ ಬೆರಳಿಟ್ಟಳು.

ಆಮೇಲೆ ನಡೆದದ್ದನ್ನು ಅವಳು ಮೇಲಿನಿಂದಲೇ ನೋಡಿದಳು. ಅಜ್ಜ ಮೂರನೆಯ ಮಹಡಿ ಹತ್ತಿ ಟೇಪನ್ನು ಬಿಚ್ಚಿ ಕೆಳಗಿಳಿಸಿ, ಸ್ಕೇಲು ತಂದುಕೊಟ್ಟ. ಹುಡುಗಿ ಸೀಸ ತೆಗೆದು, ಟೇಪನ್ನು ನೆಲದ ಮೇಲೆ ಹರವಿ ಮಂಡಿಯೂರಿ ಕೂತಳು. ಸ್ಕೇಲಿನ ಸೊನ್ನೆಗೆ ಟೇಪಿನ ಸೊನ್ನೆ ಕೂಡಿಸಿದಳು. ಇನ್ನೊಂದು ತುದಿಗೆ ತೆವಳಿಕೊಂಡು ಹೋದಳು. ಅಲ್ಲೇ ಕಲ್ಲಾದಳು.

"ಅಜ್ಜ, ಇಲ್ಲಿ ನೂರು ಎಲ್ಲಿದೆ ನೋಡಿ."

"ಕನ್ನಡಕ ಇಲ್ಲಮ್ಮ."

"ಬೆರಳಿಟ್ಟು ನೋಡಿ. ಸ್ಕೇಲು ಇಲ್ಲಿಗೆ ಮುಗೀತು. ಟೇಪಿನ ನೂರು?"

"ಇನ್ನೂ ಒಂದು ಬೆರಳು ಮುಂದಿದೆಯಲ್ಲೇ!"

"ಎರಡು ಸೆಂಟಿಮೀಟರು," ಎಂದಳು ದಶಾಂಶ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಣಿದುಬಿಡುತ್ತಿದ್ದರು. ಇವಳು ಎರಡನೆಯ ಮೀಟರು ಅಳೆದಳು. ಮೂರನೆಯದು ಅಳೆದಳು. ಹತ್ತನ್ನೂ ಅಳೆದಳು. ಪ್ರತಿಯೊಂದನ್ನೂ ಬರೆದುಕೊಂಡಳು. ಕೆಲವು ಕಡೆ ಎರಡಕ್ಕಿಂತ ಕೂದಲಷ್ಟು ಹೆಚ್ಚು, ಕೆಲವು ಕಡೆ ಕೂದಲಷ್ಟು ಕಡಿಮೆ. ಕೂಡಿದಾಗ ಇಪ್ಪತ್ತು. ಎಲ್ಲರೂ ಹತ್ತು ಮೀಟರೆಂದು ನಂಬಿಕೊಂಡು ಬಂದಿದ್ದ ತಂತಿ ಹತ್ತು ಮೀಟರು ಇಪ್ಪತ್ತು ಸೆಂಟಿಮೀಟರು ಇತ್ತು. ಹುಡುಗಿ ಸೀಮೆಸುಣ್ಣ ತೆಗೆದುಕೊಂಡು ಮೊದಲನೆಯ ಮೆಟ್ಟಿಲ ಮೇಲೇ ಲೆಕ್ಕ ಹಾಕತೊಡಗಿದಳು. ಮೇಡಂ ಮೇಲಿನಿಂದ ತಾನೂ ಬಾಯಲ್ಲೇ ಹಾಕುತ್ತಿದ್ದಳು. ಸಮಯ ಬದಲಾಯಿಸುವ ಹಾಗಿಲ್ಲ. ನೂರ ಇಪ್ಪತ್ತೆಂಟು ಪಾಯಿಂಟ್ ಎರಡು. ಹನ್ನೊಂದು ಸಲವೂ ಬಂದದ್ದು ಅದೇ.

"ಒಂಬತ್ತು," ಎಂದಳು ಹುಡುಗಿ. ತಡೆದಳು. "ಪಾಯಿಂಟ್ ಎಂಟು. ಸೊನ್ನೆ."

ಅಜ್ಜ ಏನೂ ಅರ್ಥವಾಗದೆಯೂ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹುಡುಗಿ ಕುಣಿಯಲಿಲ್ಲ. ನಿಂತುಹೋಗಿದ್ದ ಗುಂಡನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದು, ಉಸಿರು ಬಿಗಿಹಿಡಿದು ಬಿಟ್ಟಳು. ಟಾರ್ಚು ಆರಿಸಿದಳು. ಕಿಟಕಿಯಿಂದ ಬರುತ್ತಿದ್ದ ಬೀದಿದೀಪದ ಮಂಕು ಬೆಳಕಿನಲ್ಲಿ ಗುಂಡು ಹೋಗುತ್ತಿತ್ತು, ಬರುತ್ತಿತ್ತು. ಅವಳು ನೋಡುತ್ತಾ ಕೂತಳು.

ಮೇಡಂ ಮೈಯೆಲ್ಲ ಜುಮ್ಮೆಂದು ನಿಂತಿದ್ದಳು. ಎರಡು ಬಗೆಯ ತಪ್ಪುಗಳಿರುತ್ತವೆ, ಕೈಯ ತಪ್ಪು ದಿಕ್ಕೆಟ್ಟು ಅಲೆಯುತ್ತದೆ, ಉಪಕರಣದ ತಪ್ಪು ಒಂದೇ ದಿಕ್ಕಿಗೆ ನಡೆಯುತ್ತದೆ ಎಂದು ಪ್ರತಿ ವರ್ಷದ ಮೊದಲ ಪಾಠದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಅವಳು. ಬರೆದು, ಕೈ ಒರೆಸಿಕೊಂಡು, ಇದೇ ಮೆಟ್ಟಿಲಿಳಿದು ಹೋಗುತ್ತಿದ್ದಳು. ಬೀಗವನ್ನು ಮೂರು ಸಲ ಎಳೆದು ನೋಡುವವಳು ಆ ಟೇಪನ್ನು ಒಂದು ಸಲವೂ ಎಳೆದು ನೋಡಿರಲಿಲ್ಲ. ಮೂವತ್ತು ವರ್ಷ ಭೂಮಿ ಈ ಬಾವಿಯೊಳಗೆ ನಿಂತು, ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿತ್ತು. ನಿಜವಾದ ಉತ್ತರ. ಮಕ್ಕಳು ಅದನ್ನು ತಿದ್ದಿ ತಂದು ಕೊಟ್ಟಿದ್ದರು, ತಿದ್ದಿದ್ದಕ್ಕೆ ಮೇಷ್ಟ್ರುಗಳು ಅಂಕ ಕೊಟ್ಟಿದ್ದರು. ತಿದ್ದಲಾರದವರು ತಮಗೆ ಕೈ ಇಲ್ಲವೆಂದುಕೊಂಡು ಎದ್ದು ಹೋಗಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಕೈಗೂ ಸಿಕ್ಕಿದ್ದು ನೂರ ಇಪ್ಪತ್ತೆಂಟು ಪಾಯಿಂಟ್ ಎರಡೇ. ಅವಳು ಕತ್ತಲಲ್ಲಿ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು. ಒಳ್ಳೆಯ ಕೈ. ಎಂದಿನಿಂದಲೂ ಒಳ್ಳೆಯ ಕೈಯೇ.

ಎದುರಿಗೆ ತಂತಿ ಗೇಣು ಸರಿದು ಹೋಯಿತು, ಗೇಣು ಸರಿದು ಬಂತು. ಮುಟ್ಟಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ದಶಾಂಶ ಮೇಜಿನ ಮುಂದೆ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಮೇಡಂ, ನಿನ್ನೆ ಕೊಟ್ಟ ಫಾರಂ ವಾಪಸ್ ಬೇಕು."

"ಯಾಕೆ?"

"ಹಿಂದುಗಡೆ ಖಾಲಿ ಇದೆ. ಲೆಕ್ಕ ಮಾಡಕ್ಕಾಗುತ್ತೆ." ಆಮೇಲೆ ರೆಕಾರ್ಡ್ ಪುಸ್ತಕ ಮುಂದಿಟ್ಟಳು. "ಇದನ್ನೂ ನೋಡಿ. ಬೈದ್ರೂ ಪರವಾಗಿಲ್ಲ. ನಮ್ಮ ಟೇಪು ಸುಳ್ಳು ಹೇಳ್ತಿದೆ ಮೇಡಂ."

ಹತ್ತು ಮೀಟರಿನ ಹತ್ತು ಸಾಲುಗಳನ್ನು ಮೇಡಂ ಮೊದಲ ಸಲ ಓದುವವಳಂತೆ ಓದಬೇಕಾಯಿತು. ಅದು ನಟನೆಯಾಗಲಿಲ್ಲ, ಓದುತ್ತಾ ಓದುತ್ತಾ ಮತ್ತೆ ಮೈ ಜುಮ್ಮೆಂದಿತು. ಮೂರು 'ಮತ್ತೆ ಮಾಡಿ'ಗಳನ್ನೂ ಅದೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ಸರಿಯಾಗಿದೆ' ಎಂದು ಬರೆದು ಸಹಿ ಮಾಡಿದಳು.

"ನಾನು ತಪ್ಪು ಬರ್ದಿದ್ದೆ. ನಿನ್ನ ಕೈಯಲ್ಲಿ ಏನೂ ದೋಷ ಇಲ್ಲ."

"ಗೊತ್ತು ಮೇಡಂ," ಎಂದಳು ಹುಡುಗಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಅಲ್ಲ, ಈಗ ಗೊತ್ತಾಯ್ತು ಅಂದೆ. ಆ ಟೇಪಿನಲ್ಲಿ ಇನ್ನೇನೇನು ಅಳ್ದಿದೀರ ಮೇಡಂ? ಎಲ್ಲಾನೂ ಒಂದ್ಸಲ ನೋಡ್ಬೇಕು. ಉಳಿಕೆ ಕ್ಲಾಸಿನ ಇನ್ನೂ ನಾಲ್ಕು ಜನಾನ ಕರ್ಕೊಳ್ಲಾ?"

"ಕರ್ಕೋ."

ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಕರೆದರು. ಹೊಸ ಟೇಪಿಗೆ ಅರ್ಜಿ ಬರೆಯಿರಿ ಎಂದರು. ಮೂವತ್ತು ವರ್ಷದ ವಿಷಯಕ್ಕೆ ಒಂದು ಕ್ಷಣ ಮುಖ ಸಣ್ಣದು ಮಾಡಿಕೊಂಡು, ಕೆಮ್ಮಿ, ಸಂಜೆ ತರಗತಿಯ ವರದಿಯ ಹಾಳೆ ಮುಂದೆ ತಳ್ಳಿದರು.

"ಆ ಹುಡುಗಿ ನಿಂತ್ಲಂತಲ್ಲ. ಏನು ಮಾಡಿ ನಿಲ್ಲಿಸಿದ್ರಿ, ಇಲ್ಲಿ ಬರೀರಿ. ಬೇರೆ ವಿಭಾಗದೋರಿಗೂ ಉಪಯೋಗ ಆಗುತ್ತೆ."

"ನಾನೇನೂ ಮಾಡಲಿಲ್ಲ ಸರ್."

"ಸಂಕೋಚ ಯಾಕಮ್ಮ? ಏನೋ ಒಂದು ಮಾತು ಹೇಳಿರ್ತೀರಲ್ಲ?"

ಹಾಳೆ ಹಿಡಿದು ಅವಳು ತನ್ನ ಮೇಜಿಗೆ ಬಂದಳು. ಕಿಟಕಿಯಾಚೆ ಐದು ಹುಡುಗಿಯರು ಉಕ್ಕಿನ ಸ್ಕೇಲು ಹಿಡಿದು ಪ್ರಯೋಗಾಲಯದ ಮೇಜುಗಳ ಮೇಲೆ ಬಗ್ಗಿದ್ದರು. "ಅಜ್ಜ, ಕಾಲು ತೆಗೀರಿ, ನಿಮ್ಮನ್ನೂ ಅಳೆದ್ಬಿಡ್ತೀವಿ," ಎಂದು ಯಾರೋ ಕೂಗಿದರು. ದಶಾಂಶ ಅವರ ನಡುವೆ ನಿಂತು ಏನನ್ನೋ ತೋರಿಸಿಕೊಡುತ್ತಿದ್ದಳು. ರಾತ್ರಿ ಮೆಟ್ಟಿಲ ಮೇಲೆ ಇನ್ನೊಬ್ಬರಿದ್ದರು ಎಂದು ಈಗ ತಿಳಿದರೆ ಆ ಹುಡುಗಿ, ಅವಳ ಸ್ವಭಾವಕ್ಕೆ ತಕ್ಕ ಹಾಗೆ, ಕಂಡುಹಿಡಿದದ್ದರಲ್ಲಿ ಮೇಡಂಗೂ ಒಂದು ಪಾಲು ತೆಗೆದಿಡುತ್ತಾಳೆ. ಆ ಪಾಲಿನ ಋಣ ಹೊತ್ತು ತಿರುಗುತ್ತಾಳೆ. ಅವಳು ಅಪ್ಪನಿಗೆ ಫೋನು ಮಾಡಿದ್ದು ಅರ್ಧ ನಿಮಿಷ ತಡವಾಗಿದ್ದಿದ್ದರೆ ಮೇಡಂ ಕೆಳಗಿಳಿದು ಬಂದು ಅವಳ ಕಿವಿಯಲ್ಲಿ ಏನು ಹೇಳುತ್ತಿದ್ದಳು ಎಂಬುದಂತೂ ಅಜ್ಜನಿಗೂ ಗೊತ್ತಿಲ್ಲ.

'ಕೈಗೊಂಡ ಕ್ರಮ' ಎಂಬ ಜಾಗದ ಮೇಲೆ ಅವಳು ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಆಮೇಲೆ 'ವಿದ್ಯಾರ್ಥಿನಿ ತಾನೇ ಪರಿಶೀಲಿಸಿ ತಿಳಿದುಕೊಂಡಳು' ಎಂದು ಬರೆದಳು. ಒಂದೊಂದೇ ಪದ ತೂಗಿ ನೋಡಿದಳು. ಅದರಲ್ಲಿ ಸುಳ್ಳಿರಲಿಲ್ಲ. ಉಳಿದದ್ದನ್ನು, ಇಂದಿಗಾಗಲಿ, ಮುಂದೆಂದಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ ಸಹಿ ಮಾಡಿದಳು.